ಹಡಗು ಎತ್ತುವ ಏತ, ಹೊಲ ಕೊಟ್ಟವರ ಲೆಕ್ಕ

2025ರ ಏಪ್ರಿಲ್ 5ರಂದು ರಕ್ಷಣಾ ಮಂತ್ರಿ ರಾಜನಾಥ್ ಸಿಂಗ್ ಅವರು ಕಾರವಾರದ ನೌಕಾನೆಲೆಯಲ್ಲಿ ಎರಡು ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಕಾಮಗಾರಿಗಳನ್ನು ಉದ್ಘಾಟಿಸಿದರು. ಅದರಲ್ಲಿ ಹಡಗು ರಿಪೇರಿಯ ವ್ಯವಸ್ಥೆಯೂ ಸೇರಿತ್ತು. ಇಂಥ ಸುದ್ದಿ ಬಂದಾಗ ನಮ್ಮ ಗುಂಡುಮಾಲ್, ಕೋಸ್ಗಿ, ಮದ್ದೂರು, ನಾರಾಯಣಪೇಟ ಕಡೆಯ ಮಂದಿ ಓದಿ ಪುಟ ತಿರುವಿ ಹಾಕುವುದೇ ಹೆಚ್ಚು. "ನಮಗೂ ಕಡಲಿಗೂ ಏನು ಸಂಬಂಧ? ನಮ್ದು ತೊಗರಿ, ಹತ್ತಿ, ಜ್ವಾಳದ ಲೆಕ್ಕ" ಎಂಬ ಮಾತು ಸಹಜ. ಕಡಲು ನಮ್ಮಿಂದ ನೂರಾರು ಮೈಲಿ ದೂರ ಇದೆ. ಹಡಗನ್ನು ಕಣ್ಣಾರೆ ಕಂಡವರು ಊರಿಗೆ ನಾಲ್ಕು ಜನ ಸಿಕ್ಕರೆ ಹೆಚ್ಚು.

ಆದರೆ ಸಂಬಂಧ ಇದೆ. ನಮಗೆ ಹತ್ತಿರದ ವಿಕಾರಾಬಾದ್ ಜಿಲ್ಲೆಯ ಪೂಡೂರು ಮಂಡಲ, ದಾಮಗುಂಡಂ ಕಾಡಿನಲ್ಲಿ ನೌಕಾಪಡೆಯ ರೇಡಿಯೋ ಕೇಂದ್ರಕ್ಕೆ 2024ರ ಅಕ್ಟೋಬರ್ 15ರಂದು ಶಂಕುಸ್ಥಾಪನೆ ಆಯಿತು. ಅದಕ್ಕಾಗಿ ಕೊಟ್ಟದ್ದು ಸುಮಾರು 2,900 ಎಕರೆ ಅರಣ್ಯ. ಕಡಲಿಲ್ಲದ ಸೀಮೆಗೂ ನೌಕಾಪಡೆ ಬಂದಂತಾಯಿತು. ಅದೇ ವರ್ಷ ಫೆಬ್ರವರಿ 21ರಂದು ಕೋಸ್ಗಿಯಲ್ಲಿ ನಾರಾಯಣಪೇಟ-ಕೊಡಂಗಲ್ ಎತ್ತಿಪೋತಲ ಯೋಜನೆಗೂ ಕಲ್ಲು ಬಿತ್ತು. ಕನ್ನಡದಲ್ಲಿ ನಾವು ಏತ ನೀರಾವರಿ ಅನ್ನುತ್ತೇವೆ. ಅಲ್ಲಿ ಕಾರವಾರದಲ್ಲಿ ಎತ್ತುವುದು ಹಡಗನ್ನು, ಇಲ್ಲಿ ಎತ್ತಬೇಕಾದದ್ದು ಕೃಷ್ಣೆಯ ನೀರನ್ನು. ಎರಡಕ್ಕೂ ಕೆಳಗೆ ಹಾಸಿರುವುದು ರೈತನ ಭೂಮಿ. ಆದ್ದರಿಂದ ಹಡಗು ಎತ್ತುವವರ ನಲವತ್ತು ವರ್ಷದ ಚರಿತ್ರೆಯನ್ನು ಒಮ್ಮೆ ಬಿಡಿಸಿ ನೋಡುವುದು ನಮಗೆ ಲಾಭದ ಕೆಲಸ.

ಲಾಳ ಕಟ್ಟುವ ಜಾಗ

ಎತ್ತಿಗೆ ಲಾಳ ಕಟ್ಟಬೇಕಾದರೆ ನಿಲ್ಲಿಸಿ ಕಟ್ಟಲಾಗುವುದಿಲ್ಲ. ಹಗ್ಗ ಹಾಕಿ ಕೆಡವಬೇಕು, ಕಾಲು ಕಟ್ಟಬೇಕು, ಆಮೇಲೆ ಗೊರಸು ಸವರಬೇಕು. ಹಡಗಿನದೂ ಅದೇ ಪಾಡು. ಹಡಗಿನ ತಳ ವರ್ಷಗಟ್ಟಲೆ ಉಪ್ಪು ನೀರಿನಲ್ಲಿ ನೆನೆಯುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಪಾಚಿ, ಚಿಪ್ಪಿನ ಹುಳ ಮೆತ್ತಿಕೊಳ್ಳುತ್ತವೆ. ಅವು ಮೆತ್ತಿಕೊಂಡಷ್ಟೂ ಹಡಗಿನ ಓಟ ತಗ್ಗುತ್ತದೆ, ಎಣ್ಣೆ ಹೆಚ್ಚು ಉರಿಯುತ್ತದೆ. ಹಿಂದಿನ ರೆಕ್ಕೆಚಕ್ರ, ದಿಕ್ಕು ತಿರುಗಿಸುವ ಚುಕ್ಕಾಣಿ, ತಳದ ಕವಾಟ ಇವೆಲ್ಲ ನೀರೊಳಗೇ ಇರುವ ಭಾಗಗಳು. ಅವನ್ನು ನೋಡಬೇಕಾದರೆ ಹಡಗನ್ನು ನೀರಿನಿಂದ ಹೊರಗೆ ತೆಗೆಯಲೇಬೇಕು.

ಹೊರಗೆ ತೆಗೆಯಲು ಮೂರು ದಾರಿ ಇವೆ. ಮೊದಲನೆಯದು ದಡದಲ್ಲಿ ದೊಡ್ಡ ಕಲ್ಲಿನ ಗುಂಡಿ ಕಟ್ಟಿ, ಹಡಗನ್ನು ಒಳಗೆ ಬಿಟ್ಟು, ಬಾಗಿಲು ಹಾಕಿ, ನೀರನ್ನು ಹೊರಗೆ ಪಂಪ್ ಮಾಡುವುದು. ಇದೇ ಡ್ರೈ ಡಾಕ್. ಎರಡನೆಯದು ತೇಲುವ ಡ್ರೈ ಡಾಕ್. ಇದು ಮೂರು ಗೋಡೆಯ ಕಬ್ಬಿಣದ ತೊಟ್ಟಿಲು ಇದ್ದಂತೆ: ಕೆಳಗೆ ಅಗಲವಾದ ಹಾಸು, ಎಡಬಲಕ್ಕೆ ಎತ್ತರದ ಗೋಡೆ. ಹಾಸಿನಲ್ಲೂ ಗೋಡೆಯಲ್ಲೂ ಪೊಳ್ಳು ತೊಟ್ಟಿಗಳಿರುತ್ತವೆ. ತೊಟ್ಟಿಗೆ ನೀರು ಬಿಟ್ಟರೆ ಡಾಕ್ ಮುಳುಗುತ್ತದೆ. ಹಡಗು ಮೆಲ್ಲಗೆ ಒಳಗೆ ಬಂದು ದಿಮ್ಮಿಗಳ ನೇರಕ್ಕೆ ನಿಲ್ಲುತ್ತದೆ. ಆಮೇಲೆ ಪಂಪ್ ಹಚ್ಚಿ ತೊಟ್ಟಿಯ ನೀರು ತೆಗೆದರೆ ಡಾಕ್ ಏಳುತ್ತದೆ, ಬೆನ್ನ ಮೇಲೆ ಹಡಗನ್ನೂ ಎತ್ತಿಕೊಂಡು ಬರುತ್ತದೆ. ಮೂರನೆಯದು ಶಿಪ್ ಲಿಫ್ಟ್. ನೀರಿನಲ್ಲಿ ಮುಳುಗಿಸಿದ ಚಪ್ಪರದಂಥ ಹಾಸನ್ನು ಎರಡೂ ಬದಿಯ ಯಂತ್ರಗಳು ಉಕ್ಕಿನ ಹಗ್ಗದಿಂದ ಮೇಲಕ್ಕೆ ಎಳೆಯುತ್ತವೆ. ನಮ್ಮ ಹಿರಿಯರು ಬಾವಿಯಿಂದ ಮೋಟ ಎಳೆಯುತ್ತಿದ್ದರಲ್ಲ, ಅದೇ ತತ್ವ. ಎತ್ತಿನ ಬದಲು ಕರೆಂಟು ಎಳೆಯುತ್ತದೆ, ಅಷ್ಟೇ.

ಅಂಡಮಾನಿನ ಎರಡು ಡಾಕ್

ನಮ್ಮ ನೌಕಾಪಡೆಯ ತೇಲುವ ಡಾಕುಗಳ ಚರಿತ್ರೆ ಅಂಡಮಾನಿನಲ್ಲಿ ನಡೆದದ್ದು. ಎಫ್‌ಡಿಎನ್-1 ಎಂಬ ಹೆಸರಿನ ಡಾಕನ್ನು ಜಪಾನಿನಲ್ಲಿ ಕಟ್ಟಿಸಿ 1987ರಲ್ಲಿ ತರಿಸಲಾಯಿತು. ನೆಲೆ ಪೋರ್ಟ್ ಬ್ಲೇರ್. ಈ ಊರಿಗೆ 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಶ್ರೀ ವಿಜಯಪುರಂ ಎಂದು ಹೆಸರು ಬದಲಿಸಿದೆ. ಆ ಡಾಕ್ ಎತ್ತಬಲ್ಲ ಭಾರ ಸುಮಾರು 11,500 ಟನ್. ಹತ್ತು ಟನ್ ತೊಗರಿ ಹೇರಿದ ಲಾರಿಗಳ ಲೆಕ್ಕದಲ್ಲಿ ಹೇಳುವುದಾದರೆ ಸಾವಿರದ ನೂರೈವತ್ತು ಲಾರಿಗಳ ಹೇರು.

ಅಲ್ಲೇ ಏಕೆ? ಅಂಡಮಾನಿನಿಂದ ಚೆನ್ನೈಗಾಗಲಿ ವಿಶಾಖಪಟ್ಟಣಕ್ಕಾಗಲಿ ಸುಮಾರು ಸಾವಿರದ ಇನ್ನೂರು ಕಿಲೋಮೀಟರ್ ಕಡಲು ದಾಟಬೇಕು. ಅಲ್ಲಿ ಕಾವಲು ಕಾಯುವ ಹಡಗಿನ ತಳಕ್ಕೆ ಒಂದು ಪೆಟ್ಟು ಬಿದ್ದರೂ ಇಷ್ಟು ದೂರ ಬಂದು ಹೋಗಬೇಕಾದರೆ ಎಣ್ಣೆಯ ಖರ್ಚು ಒಂದು ಕಡೆ, ಆ ದಿನಗಳಲ್ಲಿ ಕಾವಲು ಖಾಲಿ ಬೀಳುವುದು ಇನ್ನೊಂದು ಕಡೆ. ಕಮ್ಮಾರ ಇಲ್ಲದ ಊರಿನ ರೈತ ಒಂದು ಕುಳ ಹಣಿಸಲು ಹಂಗಾಮಿನ ಎರಡು ದಿನ ಕಳಕೊಂಡಂತೆ. ತೇಲುವ ಡಾಕಿನ ದೊಡ್ಡ ಗುಣವೇ ಇದು: ಕಮ್ಮಾರಸಾಲೆಯನ್ನೇ ಎಳೆದುಕೊಂಡು ಹೋಗಿ ಬೇಕಾದ ಊರಲ್ಲಿ ನಿಲ್ಲಿಸಬಹುದು. ನೆಲ ಅಗೆಯುವಂತಿಲ್ಲ, ಬಂಡೆ ಒಡೆಯುವಂತಿಲ್ಲ. 2001ರಲ್ಲಿ ಭೂಸೇನೆ, ನೌಕಾಪಡೆ, ವಾಯುಪಡೆ ಮೂರೂ ಸೇರಿದ ಅಂಡಮಾನ್-ನಿಕೋಬಾರ್ ಕಮಾಂಡ್ ಆದ ಮೇಲಂತೂ ಇಂಥ ವ್ಯವಸ್ಥೆಯ ಅಗತ್ಯ ಮತ್ತೂ ಹೆಚ್ಚಿತು.

ಮೊದಲ ಡಾಕ್ ಬಂದು ಮೂವತ್ತು ವರ್ಷ ತುಂಬಿದಾಗ ಎರಡನೆಯದು ನೀರಿಗಿಳಿಯಿತು. ಎಫ್‌ಡಿಎನ್-2 ಡಾಕನ್ನು ಚೆನ್ನೈ ಹತ್ತಿರದ ಕಾಟ್ಟುಪಳ್ಳಿಯಲ್ಲಿ ಲಾರ್ಸನ್ ಅಂಡ್ ಟೂಬ್ರೊ ಕಂಪನಿ ಕಟ್ಟಿ 2017ರ ಜೂನ್ 20ರಂದು ನೀರಿಗೆ ಬಿಟ್ಟಿತು. ಉದ್ದ 185 ಮೀಟರ್, ಅಗಲ 40 ಮೀಟರ್, ಎತ್ತುವ ಶಕ್ತಿ 8,000 ಟನ್, ಖರ್ಚು 468 ಕೋಟಿ ರೂಪಾಯಿ. ಹಗಲೂ ರಾತ್ರಿ ಹಡಗು ಹತ್ತಿಸಿ ಇಳಿಸುವಂತೆ ಕಟ್ಟಲಾಗಿದೆ. ಗಮನಿಸಬೇಕಾದ ಮಾತು ಇದು: 1987ರಲ್ಲಿ ಜಪಾನಿನ ಮುಂದೆ ನಿಂತವರು 2017ಕ್ಕೆ ನಮ್ಮ ದೇಶದ ಕೈಗಳಿಂದಲೇ ಅದನ್ನು ಕಟ್ಟಿಸಿದರು. ಹೆಮ್ಮೆ ಪಡಬೇಕಾದದ್ದೇ.

ಆದರೆ ತೇಲುವ ಡಾಕಿಗೂ ಮಿತಿ ಇದೆ. ಒಂದು ಹಡಗು ಅದರ ಮೇಲೆ ಕೂತರೆ ಅದು ಇಳಿಯುವ ತನಕ ಇನ್ನೊಂದಕ್ಕೆ ಜಾಗ ಇಲ್ಲ. ಅದೂ ಅಲ್ಲದೆ ಡಾಕ್ ತಾನೇ ಕಬ್ಬಿಣದ್ದು, ತಾನೇ ಉಪ್ಪು ನೀರಿನಲ್ಲಿ ನಿಂತದ್ದು. ಎಲ್ಲರ ತಳ ತಿಕ್ಕುವ ಡಾಕಿನ ತಳವನ್ನೂ ಒಂದಲ್ಲ ಒಂದು ದಿನ ತಿಕ್ಕಲೇಬೇಕು.

ಕಾರವಾರದ ಶಿಪ್ ಲಿಫ್ಟ್

ಕರ್ನಾಟಕದ ಪಾಲಿಗೆ ಬಂದದ್ದು ಮೂರನೆಯ ದಾರಿ. ಸೀಬರ್ಡ್ ಯೋಜನೆ ಎಂದು ಎಲ್ಲರೂ ಕೇಳಿರುವ ಹೆಸರು. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಅವರು ಕಾರವಾರದಲ್ಲಿ ಅಡಿಗಲ್ಲು ಹಾಕಿದರು. ದೇಶದ ಬೊಕ್ಕಸ ಬಿಗಿಯಾದ ವರ್ಷಗಳಲ್ಲಿ ಕೆಲಸ ಕುಂಟಿತು. ಯೋಜನೆಯನ್ನು ಕಿರಿದು ಮಾಡಿ ಹಂತಗಳಾಗಿ ಒಡೆದು, 2000ದ ಆಸುಪಾಸಿನಲ್ಲಿ ಕೆಲಸಕ್ಕೆ ವೇಗ ಬಂತು. 2005ರ ಮೇ 31ರಂದು ಆಗಿನ ರಕ್ಷಣಾ ಮಂತ್ರಿ ಪ್ರಣಬ್ ಮುಖರ್ಜಿ ಅವರು ನೆಲೆಯನ್ನು ಸೇವೆಗೆ ಒಪ್ಪಿಸಿದರು. ಬನವಾಸಿಯ ರಾಜವಂಶದ ನೆನಪಿಗೆ ಐಎನ್‌ಎಸ್ ಕದಂಬ ಎಂದು ಹೆಸರಾಯಿತು. ಅಡಿಗಲ್ಲಿನಿಂದ ಸೇವೆಗೆ ಹತ್ತೊಂಬತ್ತು ವರ್ಷ! ಅಡಿಗಲ್ಲಿನ ದಿನ ಹುಟ್ಟಿದ ಮಗು ಓಟು ಹಾಕುವ ವಯಸ್ಸಿಗೆ ಬಂದಿತ್ತು.

ಅಲ್ಲಿಯ ಶಿಪ್ ಲಿಫ್ಟಿನ ಹಾಸು 175 ಮೀಟರ್ ಉದ್ದ, 28 ಮೀಟರ್ ಅಗಲ. ಎತ್ತುವ ಭಾರ 10,000 ಟನ್, ಅಂದರೆ ನಮ್ಮ ಲೆಕ್ಕದಲ್ಲಿ ಸಾವಿರ ಲಾರಿ. ಎತ್ತಿದ ಹಡಗನ್ನು ಪಕ್ಕದ ಒಣ ಅಂಗಳಕ್ಕೆ ಜರುಗಿಸುತ್ತಾರೆ. ಆ ಅಂಗಳವೇ ಸುಮಾರು ಆರು ಎಕರೆ. ಮೊದಲ ಹಡಗು ಅಂಗಳದಲ್ಲಿ ರಿಪೇರಿ ಆಗುತ್ತಿರುವಾಗಲೇ ಲಿಫ್ಟು ಖಾಲಿಯಾಗಿ ಎರಡನೆಯದನ್ನು ಎತ್ತಬಹುದು. ತೇಲುವ ಡಾಕಿಗಿಂತ ಇದರ ಹೆಚ್ಚುಗಾರಿಕೆ ಇಲ್ಲಿದೆ. ಕಾಟಾ ಒಂದೇ ಇದ್ದರೂ ಗಾಡಿ ಮೇಲೆ ಗಾಡಿ ತೂಗುವ ಅಡತಿ ಅಂಗಡಿಯ ಹಾಗೆ. ಎರಡನೆಯ ಹಂತದಲ್ಲಿ 32 ಹಡಗು ಮತ್ತು ಜಲಾಂತರ್ಗಾಮಿಗಳಿಗೆ ಜಾಗ, ಮೇಲೆ ಸೂರು ಇರುವ ನಾಲ್ಕು ಒಣ ಅಂಗಳ, ಪೂರ್ಣ ಪ್ರಮಾಣದ ರಿಪೇರಿ ಯಾರ್ಡು ಸೇರಿವೆ.

ಇಷ್ಟಾದರೂ ಈ ಏತಕ್ಕೆ ಎತ್ತಲಾಗದ ಭಾರ ಒಂದಿದೆ. 2014ರ ಜನವರಿಯಲ್ಲಿ ಕಾರವಾರಕ್ಕೆ ಬಂದ ವಿಮಾನವಾಹಕ ಹಡಗು ಐಎನ್‌ಎಸ್ ವಿಕ್ರಮಾದಿತ್ಯದ ತೂಕ 44,500 ಟನ್. ಲಿಫ್ಟಿನ ಶಕ್ತಿಯ ನಾಲ್ಕು ಪಟ್ಟಿಗೂ ಹೆಚ್ಚು. ಅದರ ಮನೆ ಕಾರವಾರ, ಆದರೆ ತಳದ ರಿಪೇರಿಗೆ ಪರ ಊರಿಗೆ ಹೋಗಬೇಕು. ಮುಂಬೈಯಲ್ಲಿ ವಿಮಾನವಾಹಕಗಳಿಗೆಂದೇ ಕಟ್ಟಿದ 281 ಮೀಟರ್ ಉದ್ದದ ಡ್ರೈ ಡಾಕ್ 2019ರ ಸೆಪ್ಟೆಂಬರ್ 28ರಂದು ಆರಂಭವಾಯಿತು. 2024ರ ನವೆಂಬರ್ 30ರಂದು ರಕ್ಷಣಾ ಇಲಾಖೆ ವಿಕ್ರಮಾದಿತ್ಯದ ರಿಪೇರಿ ಮತ್ತು ಡಾಕಿಂಗಿಗೆ ಕೊಚ್ಚಿನ್ ಶಿಪ್‌ಯಾರ್ಡ್ ಜೊತೆ 1,207.5 ಕೋಟಿ ರೂಪಾಯಿಯ ಕರಾರು ಮಾಡಿಕೊಂಡಿತು. ಸುಮಾರು 50 ಸಣ್ಣ ಕಾರ್ಖಾನೆಗಳಿಗೆ ಕೆಲಸ, 3,500ಕ್ಕೂ ಹೆಚ್ಚು ಜನಕ್ಕೆ ಉದ್ಯೋಗ ಎಂದು ಸರ್ಕಾರವೇ ಹೇಳಿತು.

ವ್ಯಾಪಾರ ಮಾಡುವ ಓದುಗರು ಈ ಅಂಕಿಯನ್ನು ಎರಡು ಸಲ ಓದಬೇಕು. ಹಡಗು ನಿಲ್ಲುವ ಊರಿಗೆ ಸಿಗುವುದು ಕಾವಲಿನ ಗೌರವ. ಹಡಗು ರಿಪೇರಿ ಆಗುವ ಊರಿಗೆ ಸಿಗುವುದು ಬೋಲ್ಟು, ಬಣ್ಣ, ಬೆಸುಗೆ, ಊಟ, ಬಾಡಿಗೆ, ಕೂಲಿ. ಹತ್ತಿ ಬೆಳೆದ ಊರು ಒಂದು, ಜಿನ್ನಿಂಗ್ ಮಿಲ್ಲು ಇರುವ ಊರು ಇನ್ನೊಂದು ಆದರೆ ಲಾಭ ಯಾರಿಗೆ ಎಂದು ರಾಯಚೂರು ಪೇಟೆ ಕಂಡವರಿಗೆ ಹೇಳಿಕೊಡಬೇಕಿಲ್ಲ. ಕಾರವಾರದ ರಿಪೇರಿ ಯಾರ್ಡು ಬೆಳೆಯುತ್ತಿರುವ ಈ ಹೊತ್ತಿನಲ್ಲಿ ಅಲ್ಲಿಯ ಹುಡುಗರಿಗೆ ಬೆಸುಗೆ, ಪೈಪು, ವಿದ್ಯುತ್ ಕೆಲಸಗಳ ತರಬೇತಿ ಎಷ್ಟು, ಜಿಲ್ಲೆಯ ಸಣ್ಣ ಕಾರ್ಖಾನೆಗೆ ಕೆಲಸ ಎಷ್ಟು ಎಂದು ಕರ್ನಾಟಕ ಸರ್ಕಾರ ವರ್ಷಕ್ಕೊಮ್ಮೆಯಾದರೂ ಕೇಳಬೇಕು. ಎರಡನೆಯ ಹಂತದಿಂದ ನೇರವಾಗಿ 7,000, ಪರೋಕ್ಷವಾಗಿ 20,000 ಉದ್ಯೋಗ ಎಂದು ಕೇಂದ್ರ ಹೇಳಿದೆ. ಅದರಲ್ಲಿ ಹೊಲ ಕೊಟ್ಟ ಮನೆಯವರ ಪಾಲು ಎಷ್ಟು ಎಂಬ ಪಟ್ಟಿ ಊರಿನ ಪಂಚಾಯ್ತಿ ಗೋಡೆಯ ಮೇಲೆ ಕಾಣಬೇಕು.

ಮೂರು ಅಪಘಾತ, ಒಂದೇ ಪಾಠ

ಹಡಗು ಎತ್ತುವ ಕೆಲಸದಲ್ಲಿ ಜಗತ್ತು ದುಬಾರಿ ಪಾಠಗಳನ್ನು ಕಲಿತಿದೆ. 1944ರ ಆಗಸ್ಟ್ 8ರಂದು ಸಿಂಹಳದ ಟ್ರಿಂಕೋಮಲಿಯಲ್ಲಿ ಬ್ರಿಟಿಷರ ಯುದ್ಧನೌಕೆ ವೇಲಿಯಂಟನ್ನು ತೇಲುವ ಡಾಕಿನ ಮೇಲೆ ಎತ್ತುತ್ತಿದ್ದರು. ಹಡಗಿನ ಭಾರ ಎಲ್ಲಿ ಹೆಚ್ಚು ಎಲ್ಲಿ ಕಡಿಮೆ ಎಂಬುದಕ್ಕೆ ತಕ್ಕಂತೆ ತೊಟ್ಟಿಗಳನ್ನು ಖಾಲಿ ಮಾಡಲಿಲ್ಲ. ಹೊಟ್ಟೆ ತುಂಬ ಮದ್ದುಗುಂಡು ಬೇರೆ ಇತ್ತು. ಡಾಕ್ ನಡು ಮುರಿದು ಮುಳುಗಿತು. ಹಡಗಿನ ರೆಕ್ಕೆಚಕ್ರ, ಚುಕ್ಕಾಣಿ ಜಖಂ ಆದವು. ವೈರಿ ಮಾಡಲಾಗದ ಹಾನಿಯನ್ನು ಲೆಕ್ಕ ತಪ್ಪಿದ ಭಾರ ಮಾಡಿತು.

2018ರ ಅಕ್ಟೋಬರ್ 30ರ ರಾತ್ರಿ ರಷ್ಯಾದ ಮುರ್ಮಾನ್ಸ್ಕ್ ಹತ್ತಿರ ಪಿಡಿ-50 ಎಂಬ ಭಾರೀ ತೇಲುವ ಡಾಕ್ ಮುಳುಗಿತು. ಸ್ವೀಡನ್ನಿನಲ್ಲಿ ಕಟ್ಟಿದ ಆ ಡಾಕ್ ಜಗತ್ತಿನ ಅತಿ ದೊಡ್ಡವುಗಳಲ್ಲಿ ಒಂದು. ಮೇಲೆ ವಿಮಾನವಾಹಕ ಹಡಗು ಅಡ್ಮಿರಲ್ ಕುಜ್ನೆತ್ಸೊವ್ ಇತ್ತು. ಆದದ್ದು ಏನು? ಕರೆಂಟು ಹೋಯಿತು, ಪಂಪು ನಿಂತಿತು, ತೊಟ್ಟಿಗೆ ನೀರು ನುಗ್ಗಿತು. ಕ್ರೇನು ಮುರಿದು ಹಡಗಿನ ಮೇಲೆ ಬಿದ್ದು ತೂತು ಮಾಡಿತು. ಕರೆಂಟು ಕೈಕೊಟ್ಟಾಗ ಪಂಪಿನ ಗತಿ ಏನು ಎಂದು ನಮ್ಮ ರೈತರಿಗೆ ರಷ್ಯಾದವರು ಹೇಳಬೇಕಾಗಿಲ್ಲ. ಆದರೆ ಬೋರ್‌ವೆಲ್ ಪಂಪು ನಿಂತರೆ ಒಂದು ಮಡಿ ಒಣಗುತ್ತದೆ, ಅಲ್ಲಿ ಪಂಪು ನಿಂತಾಗ ಒಂದು ದೇಶದ ಏಕೈಕ ವಿಮಾನವಾಹಕಕ್ಕೆ ಕಮ್ಮಾರಸಾಲೆಯೇ ಇಲ್ಲವಾಯಿತು.

ನಮ್ಮಲ್ಲೂ ಆಗಿದೆ. 2016ರ ಡಿಸೆಂಬರ್ 5ರಂದು ಮುಂಬೈ ಡ್ರೈ ಡಾಕಿನಲ್ಲಿ ಐಎನ್‌ಎಸ್ ಬೇತ್ವಾ ಹಡಗನ್ನು ಮತ್ತೆ ನೀರಿಗೆ ಬಿಡುವ ಹೊತ್ತಿನಲ್ಲಿ ಅದು ಪಕ್ಕಕ್ಕೆ ಉರುಳಿತು. ಇಬ್ಬರು ನಾವಿಕರು ತೀರಿಕೊಂಡರು. ಕಡಲಿನ ಬಿರುಗಾಳಿ ತಡೆದ ಹಡಗು ನಿಂತ ಜಾಗದಲ್ಲೇ ಮಲಗಿತು.

ಮೂರರಲ್ಲೂ ಹೊರಗಿನ ವೈರಿ ಇಲ್ಲ. ಎತ್ತುವ ಕೆಲಸದಲ್ಲಿ ಮೇಲಿನ ಭಾರಕ್ಕಿಂತ ಕೆಳಗಿನ ಆಸರೆಯ ಹದ ಮುಖ್ಯ. ಒಂದು ದಿಮ್ಮಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಆದರೆ ಎಷ್ಟೇ ಕೋಟಿಯ ಹಡಗಾದರೂ ನಿಲ್ಲುವುದಿಲ್ಲ. ಈ ಪಾಠವನ್ನು ನೌಕಾಪಡೆ ಹಡಗಿನ ವಿಷಯದಲ್ಲಿ ಕಲಿತಿದೆ. ಇಂಥ ಹಡಗು ಇಂಥ ಕಾಲಕ್ಕೆ ಮೇಲೇರಬೇಕು ಎಂದು ಮೊದಲೇ ಗೊತ್ತು ಮಾಡಿರುತ್ತಾರೆ. ಹಾಗಾದರೆ ಆ ಅಂಗಳದ ಕೆಳಗೆ ಹೊಲ ಹಾಸಿದವರ ಲೆಕ್ಕಕ್ಕೆ ಇದೇ ಶಿಸ್ತು ಇತ್ತೇ?

ದಿನಾಂಕ ಇಲ್ಲದ ಫೈಲು

ಸೀಬರ್ಡ್‌ಗಾಗಿ ಕಾರವಾರ ಮತ್ತು ಅಂಕೋಲಾ ತಾಲೂಕುಗಳಲ್ಲಿ ತೆಗೆದುಕೊಂಡ ನೆಲ ಹನ್ನೊಂದು ಸಾವಿರ ಎಕರೆಗೂ ಮೀರಿದ್ದು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬ ಮನೆ ಬಿಟ್ಟವು. ಗದ್ದೆ ಮಾಡುವವರು, ಉಪ್ಪು ನೀರಿನ ದಡದಲ್ಲಿ ಬಲೆ ಒಣಗಿಸುವವರು, ತೆಂಗು ಕಾಯುವವರು. ದೇಶದ ಕೆಲಸ ಎಂದರು, ಇವರು ಎದ್ದು ಹೋದರು. ಮೊದಲು ಗೊತ್ತು ಮಾಡಿದ ಪರಿಹಾರ ಗುಂಟೆಗೆ ನೂರು ರೂಪಾಯಿಗಳ ಲೆಕ್ಕದ್ದು. ಕೋರ್ಟಿಗೆ ಹೋದ ಮೇಲೆ ಅದು ಸಾವಿರಗಳ ಲೆಕ್ಕಕ್ಕೆ ಏರಿತು. ಏರಿದ್ದನ್ನು ಸರ್ಕಾರ ಮೇಲಿನ ಕೋರ್ಟಿನಲ್ಲಿ ಪ್ರಶ್ನಿಸಿತು. ತಂದೆ ಹಾಕಿದ ಅರ್ಜಿಗೆ ಮಗ ಸಹಿ ಮಾಡಿ ರೊಕ್ಕ ತಂದ ಮನೆಗಳಿವೆ. ಅಡಿಗಲ್ಲು ಬಿದ್ದು ಮೂವತ್ತು ವರ್ಷ ಕಳೆದ ಮೇಲೂ ಪರಿಹಾರ ಹಂಚುವ ಕೆಲಸ ಮುಗಿದಿರಲಿಲ್ಲ.

ಇಲ್ಲೊಂದು ಕಾನೂನಿನ ಸೂಕ್ಷ್ಮ ಇದೆ, ನಮ್ಮ ರೈತರು ಅದನ್ನು ಕಲಿಯಬೇಕು. 1894ರ ಹಳೆಯ ಭೂಸ್ವಾಧೀನ ಕಾಯ್ದೆಯಲ್ಲಿ 28-ಎ ಎಂಬ ಕಲಂ ಇತ್ತು. ಒಂದೇ ಅಧಿಸೂಚನೆಯಲ್ಲಿ ಹೊಲ ಕಳಕೊಂಡ ಹತ್ತು ಜನರಲ್ಲಿ ಒಬ್ಬ ಕೋರ್ಟಿಗೆ ಹೋಗಿ ಹೆಚ್ಚು ದರ ಗೆದ್ದರೆ, ಹೋಗದ ಒಂಬತ್ತು ಜನ ಕೂಡ "ನಮಗೂ ಅದೇ ದರ ಕೊಡಿ" ಎಂದು ಅರ್ಜಿ ಹಾಕಬಹುದಿತ್ತು. ಆದರೆ ಕೋರ್ಟಿನ ತೀರ್ಪಿನಿಂದ ಮೂರು ತಿಂಗಳೊಳಗೆ. ತೀರ್ಪು ಬಂದದ್ದೇ ತಿಳಿಯದವನಿಗೆ ಮೂರು ತಿಂಗಳು ಯಾವ ಲೆಕ್ಕ? ಅರ್ಜಿ ಹಾಕಿದವರೂ ವರ್ಷಗಟ್ಟಲೆ ಕಾದರು. ಅದೇ ಊರು, ಅದೇ ಮಣ್ಣು, ನಡುವೆ ಒಂದು ಬದು. ಒಬ್ಬನ ಕೈಗೆ ರೊಕ್ಕ ಬಂತು, ಇನ್ನೊಬ್ಬನ ಕೈಯಲ್ಲಿ ರಸೀದಿ ಉಳಿಯಿತು.

ದೇಶಕ್ಕೆ ನೆಲೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಪಶ್ಚಿಮದ ಕಡಲಿಗೆ ಮುಂಬೈ ಒಂದನ್ನೇ ನೆಚ್ಚಿ ಕೂಡುವುದು ಅಪಾಯ ಎಂಬ ವಾದವೂ ಸರಿಯೇ. ನನ್ನ ತಕರಾರು ಅದಲ್ಲ. ಹಡಗಿಗೆ ದಿನಾಂಕ ಬರೆದ ಸರ್ಕಾರ, ಹೊಲ ಕೊಟ್ಟವನ ಫೈಲಿಗೆ ದಿನಾಂಕ ಬರೆಯಲಿಲ್ಲ. ತಳಕ್ಕೆ ತುಕ್ಕು ಹಿಡಿದ ಹಡಗನ್ನು ಯಾರೂ ಮೂವತ್ತು ವರ್ಷ ನೀರಿನಲ್ಲೇ ಬಿಡುವುದಿಲ್ಲ. ಫೈಲನ್ನು ಬಿಟ್ಟರು.

ನಮ್ಮ ಎತ್ತಿಪೋತಲಕ್ಕೆ ಏನು ಕೇಳಬೇಕು

ಈಗ ನಮ್ಮ ಮನೆ ಬಾಗಿಲಿಗೆ ಬರೋಣ. ನಾರಾಯಣಪೇಟ-ಕೊಡಂಗಲ್ ಎತ್ತಿಪೋತಲಕ್ಕೆ 2,945 ಕೋಟಿ ರೂಪಾಯಿ ಅಂದಾಜು, ಒಂದು ಲಕ್ಷ ಎಕರೆಗೆ ನೀರು ಎಂಬ ಗುರಿ. ಮಕ್ತಲ್ ಕಡೆಯಿಂದ ಕೃಷ್ಣೆಯ ನೀರು ಮೇಲಕ್ಕೆ ಏರಿ ನಮ್ಮ ಕೆಂಪು ನೆಲಕ್ಕೆ ಬರಬೇಕು. ಮಳೆ ನಂಬಿ ಬಿತ್ತಿ, ಬೇಸಿಗೆಗೆ ಮುಂಬೈ, ಪುಣೆ, ಹೈದರಾಬಾದಿಗೆ ವಲಸೆ ಹೋಗುವ ಸೀಮೆಗೆ ಇದಕ್ಕಿಂತ ದೊಡ್ಡ ಆಸೆ ಇನ್ನೊಂದಿಲ್ಲ. ಆದರೆ ಕಾಲುವೆಗೆ, ಪಂಪ್ ಹೌಸಿಗೆ, ಜಲಾಶಯಕ್ಕೆ ಹೊಲ ಕೊಡಬೇಕಾದ ರೈತರು ದರ ಸಾಲದು ಎಂದು 2024, 2025ರಲ್ಲಿ ದನಿ ಎತ್ತಿದ್ದಾರೆ. ನೀರು ಬೇಕು ಅನ್ನುವವರೂ ನಮ್ಮವರೇ, ಹೊಲ ಹೋಗುತ್ತದೆ ಅನ್ನುವವರೂ ನಮ್ಮವರೇ. ಒಬ್ಬರ ಮೇಲೆ ಒಬ್ಬರನ್ನು ಎತ್ತಿ ಕಟ್ಟಿದರೆ ಡಾಕ್ ಒಂದು ಕಡೆ ವಾಲಿದಂತೆಯೇ.

ಈಗಿನ ಕಾನೂನು ಕಾರವಾರದವರ ಕಾಲದ್ದಕ್ಕಿಂತ ಮೇಲು. 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಭೂಸ್ವಾಧೀನ ಕಾಯ್ದೆಯ 38ನೇ ಕಲಂ ಪ್ರಕಾರ, ಕಲೆಕ್ಟರ್ ನೆಲವನ್ನು ಕೈಗೆ ತೆಗೆದುಕೊಳ್ಳಬೇಕಾದದ್ದು ಪರಿಹಾರ ಪೂರ್ತಿ ಕೊಟ್ಟ ಮೇಲೆ. ಅವಾರ್ಡ್ ಆದ ದಿನದಿಂದ ಪರಿಹಾರಕ್ಕೆ ಮೂರು ತಿಂಗಳು, ಪುನರ್ವಸತಿಯ ರೊಕ್ಕಕ್ಕೆ ಆರು ತಿಂಗಳು ಎಂದು ಗಡುವೂ ಇದೆ. ಗೊತ್ತು ಮಾಡಿದ ಬೆಲೆಯ ಮೇಲೆ ಅಷ್ಟೇ ಮೊತ್ತ ಸಾಂತ್ವನವಾಗಿ ಸೇರಿಸಬೇಕು. ಹಳೆಯ 28-ಎ ಇಲ್ಲಿ 73ನೇ ಕಲಂ ಆಗಿ ಉಳಿದಿದೆ, ಮೂರು ತಿಂಗಳ ಗಡುವೂ ಹಾಗೇ ಉಳಿದಿದೆ.

ಆದರೆ ಒಪ್ಪಂದದ ಮೇಲೆ ಹೊಲ ಕೊಡುವ ದಾರಿ ಬೇರೆ. ಅಲ್ಲಿ ಕಾಗದದಲ್ಲಿ ಏನು ಬರೆದಿದೆಯೋ ಅದೇ ಮಾತು. "ಸಂತಕಂ ಪೆಟ್ಟು ಅಣ್ಣಾ, ತರ್ವಾತ ಚೂಸ್ಕುಂದಾಂ" ಎಂದು ಯಾರಾದರೂ ಅಂದರೆ, ಸಹಿ ಆದ ಮೇಲೆ ನೋಡಲು ಏನೂ ಉಳಿದಿರುವುದಿಲ್ಲ ಎಂದು ತಿಳಿಯಬೇಕು. ತೆಲುಗು ಕಾಗದ ಓದಲು ಬಾರದ ಕನ್ನಡದ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅಂಥವರ ಮನೆಯಲ್ಲಿ ಓದಿದ ಹುಡುಗರು ಕೂತು ಸಾಲು ಸಾಲು ಓದಿ ಹೇಳಬೇಕು.

ಕಾರವಾರದಿಂದ ಕಲಿತು ನಾವು ಕೇಳಬೇಕಾದವು ಇಷ್ಟು. ಒಂದು, ಊರು ಊರಿಗೆ ಸರ್ವೆ ನಂಬರ್ ಸಹಿತ ಪಟ್ಟಿ ಪಂಚಾಯ್ತಿ ಕಚೇರಿಯಲ್ಲಿ ಹಚ್ಚಬೇಕು: ಯಾರ ಹೊಲ, ಎಷ್ಟು ಗುಂಟೆ, ಎಷ್ಟು ರೊಕ್ಕ, ಯಾವ ತಾರೀಖಿಗೆ. ಎರಡು, ಬದುವಿನ ಆಚೆ ಈಚೆ ಒಂದೇ ಬಗೆಯ ನೆಲಕ್ಕೆ ಒಂದೇ ದರ ಇರಬೇಕು. ಒಬ್ಬ ಕೋರ್ಟಿನಲ್ಲಿ ಗೆದ್ದರೆ ಆ ತೀರ್ಪಿನ ಸುದ್ದಿಯನ್ನು ಡಂಗುರ ಹೊಡೆಸಿ ಉಳಿದವರಿಗೆ ತಿಳಿಸಬೇಕು. ಮೂರು, ಹೊಲ ಹೋದ ಮನೆಯ ಮಕ್ಕಳಿಗೆ ಪಂಪ್ ಹೌಸಿನ ಕೆಲಸದಲ್ಲಿ ಮೊದಲ ಪಾಲು ಬೇಕು. ಪಂಪು ಓಡಿಸುವ, ಮೋಟರು ಸುತ್ತುವ ಕೆಲಸ ಕಲಿತರೆ ಅವರು ಪುಣೆಗೆ ಹೋಗಬೇಕಿಲ್ಲ. ನಾಲ್ಕು, ಪಂಪಿಗೆ ಕರೆಂಟು ಮತ್ತು ವರ್ಷದ ರಿಪೇರಿಯ ಖರ್ಚು ಎಲ್ಲಿಂದ ಬರುತ್ತದೆ ಎಂದು ಈಗಲೇ ಬರೆದಿಡಬೇಕು. ಕಟ್ಟಲು ಹಣ ಇದ್ದು ಓಡಿಸಲು ಇಲ್ಲದ ಯಂತ್ರಗಳಿಗೆ ನಮ್ಮ ದೇಶದಲ್ಲಿ ಕೊರತೆ ಇಲ್ಲ.

ಗಡಿಯ ಆಚೆ ಯಾದಗಿರಿ, ಸೇಡಂ, ಗುರುಮಠಕಲ್ ಕಡೆಯ ಓದುಗರಿಗೂ ಇದು ಸಲ್ಲುವ ಮಾತು. ನಾಳೆ ನಿಮ್ಮಲ್ಲೂ ರಸ್ತೆಯೋ ಕಾಲುವೆಯೋ ಕಾರ್ಖಾನೆಯೋ ಬಂದೀತು. ಕೇಂದ್ರದ ಕಾಯ್ದೆ ಎರಡೂ ಕಡೆ ಒಂದೇ ಹೆಸರಿನದು, ರಾಜ್ಯಗಳು ಮಾಡಿಕೊಂಡ ತಿದ್ದುಪಡಿ ಮಾತ್ರ ಬೇರೆ ಬೇರೆ. ಅದನ್ನು ತಿಳಿದವರು ಈ ಪುಟದಲ್ಲೇ ಬರೆದು ತಿಳಿಸಿದರೆ ಉಪಕಾರವಾದೀತು. ನಾರಾಯಣಪೇಟದ ಕಲೆಕ್ಟರರು ಪಟ್ಟಿ ಹಚ್ಚುವ ಕೆಲಸದಿಂದ ಶುರು ಮಾಡಲಿ. ಅದಕ್ಕೆ ಕೋಟಿ ರೂಪಾಯಿ ಬೇಕಿಲ್ಲ, ಒಂದು ಗೋಡೆ ಮತ್ತು ತೆಲುಗು-ಕನ್ನಡ ಎರಡೂ ಅಕ್ಷರದಲ್ಲಿ ಬರೆಯಬಲ್ಲ ಒಬ್ಬ ಗುಮಾಸ್ತ ಸಾಕು.